ನಡುಬೀದಿಯಲ್ಲಿ ಸಿಕ್ಕವರು

ಹಾರ್ಬಿನ್,
ಫೆಬ್ರವರಿ 2, 2024

ಪ್ರೀತಿಯ ದೊಡ್ಡಕ್ಕನಿಗೆ,

ಯಾಚಿನ್ ಮಾಡುವ ನಮಸ್ಕಾರಗಳು. ನಿಮ್ಮ ಕಾಗದ ಬಂದು ಒಂದೂವರೆ ತಿಂಗಳಾಯಿತು. ಇವಳಿಗೇನು ಕೈ ಬಿದ್ದುಹೋಗಿದೆಯೇ ಎಂದು ನೀವು ಬೈದುಕೊಂಡಿರುತ್ತೀರಿ. ಬೈಯಿರಿ, ತಪ್ಪು ನನ್ನದೇ. ಒಣ ಅಣಬೆ, ಪೈನ್ ಬೀಜ, ಕಾಡುಹಣ್ಣಿನ ಜಾಮು ಎಲ್ಲ ತಲುಪಿದವು. ಜಾಮಿನ ಒಂದು ಬಾಟಲಿ ದಾರಿಯಲ್ಲಿ ಒಡೆದು ಅಣಬೆಗೆಲ್ಲ ಸಿಹಿ ಅಂಟಿಕೊಂಡಿತ್ತು. ನಾಲ್ಕು ಸಲ ತೊಳೆದು ಕೋಳಿಯ ಜೊತೆ ಬೇಯಿಸಿದೆ. ನಿಮ್ಮ ತಮ್ಮ ಎರಡು ಬಟ್ಟಲು ತಿಂದು, "ಇವತ್ತೇನು ಹಬ್ಬಾನಾ?" ಎಂದು ಕೇಳಿದರು. ನಿಮ್ಮ ಕಾಡಿನ ಅಣಬೆ ಮನೆಗೆ ಬಂದ ದಿನ ಹಬ್ಬವೇ ಎಂದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮರದ ಮಿಲ್ಲಿನ ಗರಗಸ ನಿಮ್ಮ ಕಿವಿಯನ್ನು ಯಾವಾಗಲೋ ತಿಂದುಹಾಕಿದೆ. ನಿಮ್ಮ ಸೊಸೆ ನಡುವೆ ನಿಂತು ಕೂಗಿ ಕೂಗಿ ಹೇಳಿದರೆ ಅರ್ಧ ಮಾತು ನನ್ನದಿರುತ್ತದೆ, ಇನ್ನರ್ಧ ಅವಳದಾಗುತ್ತದೆ. ಈ ಸಲದ ಸಮಾಚಾರ ಬೇರೆಯವರ ಬಾಯಲ್ಲಿ ಹಾದು ನಿಮ್ಮನ್ನು ಮುಟ್ಟುವುದು ನನಗೆ ಬೇಡವಾಗಿತ್ತು. ನಿಧಾನವಾಗಿ ಕೂತು ಬರೆಯಬೇಕೆಂದು ದಿನ ದೂಡುತ್ತ ಬಂದೆ.

ಮೊದಲು ಇಷ್ಟನ್ನು ಓದಿಕೊಳ್ಳಿ. ಜನವರಿ ಹದಿನಾರನೇ ತಾರೀಖು ನಿಮ್ಮ ತಮ್ಮ ಕಳೆದುಹೋಗಿದ್ದರು. ಗಾಬರಿಯಾಗಬೇಡಿ, ಸಿಕ್ಕಿದ್ದಾರೆ. ಈಗ ನನ್ನೆದುರಿಗೇ ಕಿಟಕಿಯ ಬಳಿ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದಾರೆ. ಬಲಗೈಯ ಎರಡು ಬೆರಳಿನ ತುದಿಯಲ್ಲಿ ಚರ್ಮ ಸುಲಿದು ಹೊಸದು ಬರುತ್ತಿದೆ, ಅಷ್ಟೆ.

ಅವತ್ತು ಮಧ್ಯಾಹ್ನ ಗಂಜಿ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ತಲೆಯೆತ್ತಿ, "ನಡುಬೀದಿಗೆ ಹೋಗಿ ಐಸ್ ಕಡ್ಡಿ ತಿನ್ನೋಣ್ವಾ?" ಎಂದರು. ಅಷ್ಟು ಉದ್ದದ, ಅಷ್ಟು ಸರಿಯಾದ ವಾಕ್ಯ ಅವರ ಬಾಯಿಂದ ಬಂದು ಎಷ್ಟೋ ದಿನವಾಗಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ನೀವೇ ಹೇಳಿ, ಐಸ್ ಕಡ್ಡಿ ತಿನ್ನಲು ಅದಕ್ಕಿಂತ ಒಳ್ಳೆಯ ದಿನ ಬೇಕೇ? ನಾನು ಚಮಚ ಕೆಳಗಿಟ್ಟು, "ನಡೀರಿ" ಎಂದುಬಿಟ್ಟೆ.

ಮಗಳು ವೆನ್‌ಜಿಂಗ್ ಬರುವ ಹಾಗಿರಲಿಲ್ಲ. ಜನವರಿ ತಿಂಗಳಲ್ಲಿ, ಮನೆಮನೆಗೆ ಬಿಸಿನೀರು ಹರಿಸುವ ಶಾಖಕೇಂದ್ರದವರಿಗೆ ರಜೆ ಎಲ್ಲಿಯದು? ಪೈಪು ಒಡೆದರೆ ಅರ್ಧ ಬಡಾವಣೆ ಹೆಪ್ಪುಗಟ್ಟುತ್ತದೆ. ಅವಳು ಅಪ್ಪನ ದಪ್ಪ ಹತ್ತಿಯ ಕೋಟಿನ ಒಳಗೆ ನಮ್ಮ ಮನೆ ನಂಬರು, ಫೋನ್ ನಂಬರು ಬರೆದ ಬಟ್ಟೆ ಚೂರನ್ನು ಹೊಲಿದಿಟ್ಟಿದ್ದಾಳೆ. ಆದರೆ ನಿಮ್ಮ ತಮ್ಮ ಅದನ್ನು ಮುಟ್ಟಲೇ ಇಲ್ಲ. ಬೀರುವಿನ ತಳದಿಂದ ಬಸ್ ಕಂಪನಿಯ ಹಳೆಯ ನೀಲಿ ಉಣ್ಣೆಯ ಕೋಟು ಎಳೆದು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತರು. ಆ ಕೋಟಿನಲ್ಲಿ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ದೊಡ್ಡಕ್ಕ. ಮೂವತ್ತೆರಡು ವರ್ಷ ಟ್ರಾಲಿ ಬಸ್ ಓಡಿಸಿದ ಬೆನ್ನು ಅದು. ನನಗೆ ನೋಡುತ್ತಲೇ ಇರಬೇಕು ಎನ್ನಿಸಿತು. ಬದಲಾಯಿಸಿ ಎನ್ನಲು ಬಾಯಿ ಬರಲಿಲ್ಲ.

ಈ ವರ್ಷ ನಮ್ಮೂರ ಪೇಟೆಯ ಆ ನಡುಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಟೀವಿಯಲ್ಲಿ ನೀವೂ ನೋಡಿರುತ್ತೀರಿ. ದೇಶದ ತೆಂಕಣದವರೆಲ್ಲ ಹಿಮ ನೋಡಲು ಇಲ್ಲಿಗೇ ಬಂದಿದ್ದಾರೆ. ಬಿಳಿ, ಗುಲಾಬಿ, ತಿಳಿ ಹಸಿರು ಕೋಟು ತೊಟ್ಟು, ಕಿವಿಯಿರುವ ಟೋಪಿ ಹಾಕಿ, ಉರುಟುರುಟಾಗಿ ಉರುಳುವ ಆ ಮಕ್ಕಳನ್ನು ನಮ್ಮವರು "ದಕ್ಷಿಣದ ಪುಟ್ಟ ಆಲೂಗಡ್ಡೆಗಳು" ಎಂದು ಕರೆಯುತ್ತಾರೆ. ಅವರಿಗೂ ಅದು ಇಷ್ಟವೇ. ಕಲ್ಲುಹಾಸಿನ ಮೇಲೆ ಒಬ್ಬಳು ಜಾರಿದರೆ ನಾಲ್ಕು ಜನ ಹಿಡಿಯಲು ಹೋಗಿ ಐದೂ ಜನ ಬೀಳುತ್ತಾರೆ, ಬಿದ್ದಲ್ಲೇ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಗಡಿಗೊಂದು ಧ್ವನಿವರ್ಧಕ: ಬಿಸಿ ಸಾಸೇಜು, ಬಿಸಿ ಸಾಸೇಜು ಎಂದು ಒಂದು ಕೂಗಿದರೆ, ಪಕ್ಕದ್ದು ಸಕ್ಕರೆ ಪಾಕದ ಹಣ್ಣಿನ ಕಡ್ಡಿ ಎಂದು ಕಿರಿಚುತ್ತದೆ. ಕಿವಿ ಕೇಳದ ನೀವು ಪುಣ್ಯವಂತರು ಎಂದು ನಾನು ಅವತ್ತು ಅಂದುಕೊಂಡೆ. ಕೋಪಿಸಿಕೊಳ್ಳಬೇಡಿ.

ಬೀದಿಯ ನಡುಮಧ್ಯದಲ್ಲಿ ಬಿಯೆನ್ ಎಂಬಾಕೆ ಗಾಡಿ ಇಟ್ಟುಕೊಂಡಿದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಡೋಲಿನಂಥ ದೇಹ, ಗಂಟೆಯಂಥ ಗಂಟಲು. ಐಸ್ ಕಡ್ಡಿಗಳನ್ನು ಬರೀ ರಟ್ಟಿನ ಡಬ್ಬದಲ್ಲಿ ಬಯಲಿಗೇ ಹರಡಿಕೊಂಡಿರುತ್ತಾಳೆ. ದಕ್ಷಿಣದ ಹುಡುಗನೊಬ್ಬ "ಅಜ್ಜಿ, ಫ್ರಿಜ್ ಇಲ್ವಾ?" ಎಂದು ಕೇಳಿದ್ದಕ್ಕೆ ಅವಳು, "ಅಯ್ಯೋ ಮಗನೇ, ಸೈಬೀರಿಯಾದಿಂದ ಪುಕ್ಕಟೆ ಗಾಳಿ ಬರ್ತಾ ಇರೋವಾಗ ನಾನು ಫ್ರಿಜ್ ಇಟ್ಕೊಂಡ್ರೆ ದೇವರಿಗೆ ಅವಮಾನ ಆಗಲ್ವೇನೋ?" ಎಂದಳು. ನಿಮ್ಮ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನು ಡ್ರೈವರ್ ಸಾಹೇಬ್ರೇ, ಡ್ಯೂಟಿ ಮೇಲಿದ್ದೀರಾ?" ಎಂದಳು. ಇವರು ಗಂಭೀರವಾಗಿ, "ಮೂರೂಕಾಲಿಗೆ ಟ್ರಿಪ್ ಇದೆ" ಎಂದರು. "ಹಾಗಾದ್ರೆ ಬೇಗ ತಿನ್ನಿ, ಪ್ಯಾಸೆಂಜರ್ಸು ಕಾಯ್ತಿರ್ತಾರೆ" ಎಂದು ಹಾಲಿನ ಐಸ್ ಕಡ್ಡಿ ಕೈಗಿಟ್ಟಳು.

ಅವರು ಗವಸು ಬಿಚ್ಚಿ ನನ್ನ ಕೈಗೆ ಕೊಟ್ಟು ತಿಂದರು. ಹೇಗೆ ತಿಂದರು ಗೊತ್ತೇ? ಹಲ್ಲಿನಿಂದ ಕಚ್ಚದೆ, ತುಟಿಯಿಂದ ಮೆಲ್ಲಗೆ ಕರಗಿಸಿ, ಕಡ್ಡಿಯನ್ನು ಕೊನೆಗೆ ನೆಕ್ಕಿ. ಮುಖ ಎಷ್ಟು ತಿಳಿಯಾಗಿತ್ತೆಂದರೆ ಈ ಮೂರು ವರ್ಷದ ಮರೆವು ಬರೀ ಕೆಟ್ಟ ಕನಸೇನೋ ಎನ್ನಿಸಿತು. ನಾನು ಅವರ ಕೈ ಹಿಡಿದೇ ನಿಂತಿದ್ದೆ. ಅಷ್ಟರಲ್ಲಿ ಎದುರಿನ ಬಾಲ್ಕನಿಯಲ್ಲಿ ಅಕಾರ್ಡಿಯನ್ ನುಡಿಸುವಾತ ಬಂದು ಕೂತ. ಅವನನ್ನು ನೋಡಲು ಜನ ಎರಡೂ ಕಡೆಯಿಂದ ನುಗ್ಗಿತು. ಆ ನೂಕಿನಲ್ಲಿ ಕೈ ತಪ್ಪಿಹೋಯಿತು. ತಿರುಗಿ ನೋಡಿದಾಗ ಅವರಿರಲಿಲ್ಲ.

ಅವರ ಗವಸು ನನ್ನ ಕೈಯಲ್ಲಿತ್ತು. ಆಗ ಮೂರು ಗಂಟೆ ಕಳೆದಿತ್ತು. ನಾಲ್ಕೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ, ಮುಳುಗಿದ ಮೇಲೆ ಚಳಿ ಇನ್ನೂ ಇಳಿಯುತ್ತದೆ. ಬೀದಿಯ ತುದಿಗೆ ನದಿ. ಹೆಪ್ಪುಗಟ್ಟಿದ ಆ ಬಯಲಿಗೆ ಇಳಿದು ನಡೆಯುತ್ತ ಹೋದರೆ? ನಾನು ಹುಚ್ಚಿಯ ಹಾಗೆ ಮೂವತ್ತು ಹೆಜ್ಜೆ ಆ ಕಡೆ ಓಡಿದೆ, ಮೂವತ್ತು ಹೆಜ್ಜೆ ಈ ಕಡೆ ಓಡಿದೆ. ನೀಲಿ ಕೋಟು ಕಂಡಲ್ಲೆಲ್ಲ ತೋಳು ಹಿಡಿದು ತಿರುಗಿಸಿದೆ. ಒಬ್ಬಾತ "ಏನಮ್ಮಾ ಇದು!" ಎಂದು ಗದರಿದ. ಕೊನೆಗೆ ಬಿಯೆನ್‌ಳ ಗಾಡಿಗೆ ಬಂದು ಕೈಯೂರಿ ನಿಂತೆ. ಗವಸು ತೋರಿಸಿದೆ.

"ಡ್ರೈವರ್ ಸಾಹೇಬ್ರು ಎಲ್ಲಿ?" ಎಂದಳು.

"ಕಾಣ್ತಾ ಇಲ್ಲ. ಅವರಿಗೆ... ಅವರಿಗೆ ನೆನಪಿಲ್ಲ. ಮನೆ ಎಲ್ಲಿ ಅಂತ ಗೊತ್ತಿಲ್ಲ."

ಅವಳು ಮತ್ತೇನೂ ವಿಚಾರಿಸದೆ ತನ್ನ ಧ್ವನಿವರ್ಧಕ ಎತ್ತಿಕೊಂಡು, "ಹೆಸರು, ವಯಸ್ಸು ಹೇಳು" ಎಂದಳು. ಹೇಳಿದೆ. ಆಮೇಲೆ ಅವಳು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಕೇಳ್ರಪ್ಪೋ ಕೇಳ್ರಿ! ತೊಂಗ್ ದೆಹೋ ಅಂತ, ಎಪ್ಪತ್ತು ವರ್ಷದ ಯಜಮಾನ್ರು, ಎತ್ತರದ ಆಳು, ಬಸ್ ಕಂಪನಿ ನೀಲಿ ಕೋಟು, ಕೈಗೆ ಗವಸಿಲ್ಲ. ಮರೆವಿನ ಕಾಯಿಲೆ. ಕಂಡವರು ಕೈ ಹಿಡ್ಕೊಂಡು ನಿಲ್ಲಿಸ್ಕೊಳ್ಳಿ! ಬಿಡಬೇಡಿ!"

ನಾಲ್ಕು ಸಲ ಕೂಗಿದಳು. ನಾಲ್ಕನೆಯ ಸಲಕ್ಕೆ ಪಕ್ಕದ ಸಾಸೇಜಿನವನು ತನ್ನ ಧ್ವನಿವರ್ಧಕದ ಕಿರಿಚಾಟ ನಿಲ್ಲಿಸಿ ಅದೇ ಮಾತನ್ನು ಕೂಗಿದ. ಅವನದು ಕೇಳಿ ಹಣ್ಣಿನ ಕಡ್ಡಿಯವಳು. ಆಮೇಲೆ ಬ್ರೆಡ್ಡಿನ ಅಂಗಡಿ, ಟೋಪಿ ಅಂಗಡಿ. ದೊಡ್ಡಕ್ಕ, ನಾನು ನನ್ನ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ: ಆ ಉದ್ದದ ಬೀದಿಯಲ್ಲಿ ಒಂದೊಂದಾಗಿ ಮಾರಾಟದ ಕೂಗು ನಿಂತು, ನಿಮ್ಮ ತಮ್ಮನ ಹೆಸರು ಅಂಗಡಿಯಿಂದ ಅಂಗಡಿಗೆ ದಾಟುತ್ತ ನದಿಯ ಕಡೆಗೆ ಹೋಯಿತು, ಇನ್ನೊಂದು ಕಡೆಗೂ ಹೋಯಿತು. ಬಾಲ್ಕನಿಯವನು ಅಕಾರ್ಡಿಯನ್ ಅರ್ಧಕ್ಕೇ ಮಡಿಸಿ ಎದ್ದುನಿಂತು, "ನಾನು ಮೇಲಿಂದ ನೋಡ್ತೀನಿ, ನೀವು ಕೆಳಗೆ ನೋಡಿ! ಎಲ್ಲರೂ ನಿಂತಲ್ಲೇ ಒಂದ್ಸಲ ಸುತ್ತ ತಿರುಗಿ ನೋಡ್ರಪ್ಪ!" ಎಂದ. ಸಾವಿರಾರು ಜನ ಒಟ್ಟಿಗೆ ಕತ್ತು ತಿರುಗಿಸಿದರು. ಅವರಲ್ಲಿ ಹೆಚ್ಚಿನವರಿಗೆ ನಾಳೆ ನಮ್ಮ ಊರೇ ನೆನಪಿರಲಿಕ್ಕಿಲ್ಲ.

ಪೋಲೀಸು ಠಾಣೆಯಿಂದ ಎಳೆ ಪ್ರಾಯದವನೊಬ್ಬ ಓಡಿಬಂದು, "ಅಜ್ಜಿ, ಎಷ್ಟು ಹೊತ್ತಾಯ್ತು?" ಎಂದು ಕೇಳಿ ಬರೆದುಕೊಂಡು ಹೋದ. ನಾನೂ ಅವನ ಹಿಂದೆ ಹೊರಟೆ. ಬಿಯೆನ್ ನನ್ನ ಕೋಟಿನ ಹಿಂಬದಿ ಹಿಡಿದು ಎಳೆದಳು.

"ನೀನೆಲ್ಲಿಗೆ? ಇಲ್ಲೇ ನಿಲ್ಲು. ಅವರು ತಾವಾಗೇ ವಾಪಸ್ ಬಂದ್ರೆ ಗುರುತಿನ ಮುಖ ಒಂದಾದ್ರೂ ಇರಬೇಡ್ವಾ? ನಾನು ಹೋಗ್ತೀನಿ. ಈ ಬೀದಿಯ ಸಂದಿಗೊಂದಿ ನನಗೆ ಗೊತ್ತು. ನೀನು ಗಾಡಿ ನೋಡ್ಕೋ."

ಹಾಗೆ, ನಿಮ್ಮ ತಮ್ಮ ಕಳೆದುಹೋಗಿದ್ದ ಆ ಹೊತ್ತಿನಲ್ಲಿ ನಾನು ನಡುಬೀದಿಯಲ್ಲಿ ನಿಂತು ಐಸ್ ಕಡ್ಡಿ ಮಾರಿದೆ. ನಗಬೇಡಿ. ನಗುವುದಾದರೆ ನಗಿ. ಜನ ಬರುತ್ತಲೇ ಇದ್ದರು. "ಅಜ್ಜಿ, ಹಾಲಿಂದಿದೆಯಾ? ದ್ರಾಕ್ಷಿದು?" ಎಂದು ಕೇಳುತ್ತಿದ್ದರು. ನಾನು ಯಾವುದು ಕೈಗೆ ಸಿಕ್ಕಿತೋ ಅದನ್ನು ಕೊಟ್ಟೆ. ಯಾರು ದುಡ್ಡು ಕೊಟ್ಟರು, ಯಾರು ಕೊಡಲಿಲ್ಲ ತಿಳಿಯದು. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿ ಕಣ್ಣು ಅಂಟಿಕೊಳ್ಳುತ್ತಿತ್ತು, ಬೆರಳಿನಿಂದ ಒತ್ತಿ ಬಿಡಿಸಿಕೊಂಡು ಮತ್ತೆ ಜನರ ತಲೆಗಳನ್ನು ನೋಡುತ್ತಿದ್ದೆ. ಒಬ್ಬ ಚಿಕ್ಕ ಹುಡುಗಿ ಕಡ್ಡಿ ತೆಗೆದುಕೊಂಡವಳು ಹೋಗದೆ ನಿಂತು, "ಅಮ್ಮಾ, ಆ ತಾತನ್ನ ಹುಡುಕ್ತಾ ಇರೋದು ಈ ಅಜ್ಜಿನೇ" ಎಂದಳು. ಅವಳ ತಾಯಿ ಕೂಡಲೇ ಗಾಡಿಯ ಈ ಬದಿಗೆ ಬಂದು ನನ್ನ ಪಕ್ಕ ನಿಂತಳು. ಬಂದವರಿಗೆ ಅವಳೇ ಕಡ್ಡಿ ಕೊಡತೊಡಗಿದಳು. ಅವಳ ಹೆಸರು ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ನಾಲ್ಕು ಗಂಟೆ ಹೊಡೆಯಿತು. ಬೀದಿ ದೀಪ ಹತ್ತಿದವು. ಬಿಯೆನ್ ಒಮ್ಮೆ ಬಂದು ತಲೆಯಲ್ಲಾಡಿಸಿ ಮತ್ತೆ ಹೋದಳು. ಹೋಗುವಾಗ ಅವಳು ಕುಂಟುತ್ತಿದ್ದಳು. ಎಲ್ಲೋ ಜಾರಿ ಬಿದ್ದಿದ್ದಾಳೆಂದು ಆಮೇಲೆ ತಿಳಿಯಿತು.

ನಾಲ್ಕೂ ಹತ್ತರ ಸುಮಾರಿಗೆ ಬಾಲ್ಕನಿಯವನು ಒಮ್ಮೆಲೇ ಕೂಗಿದ: "ಬಂದ್ರು! ಬಂದ್ರು! ಮೊಲದ ಕಿವಿ!"

ಮೊದಲು ನನಗೆ ಅರ್ಥವಾಗಲಿಲ್ಲ. ಜನ ತಾನಾಗಿ ಎರಡು ಪಾಲಾಗಿ ದಾರಿ ಬಿಟ್ಟಿತು. ಆ ದಾರಿಯಲ್ಲಿ ಇಬ್ಬರು ಆಲೂಗಡ್ಡೆ ಹುಡುಗಿಯರು ನಡೆದು ಬಂದರು. ಅವರ ನಡುವೆ, ಕತ್ತಿನವರೆಗೆ ಗುಂಡಿ ಹಾಕಿದ ನೀಲಿ ಕೋಟು, ತಲೆಯ ಮೇಲೆ ಉದ್ದ ಕಿವಿಯ ಗುಲಾಬಿ ಬಣ್ಣದ ಮೊಲದ ಟೋಪಿ, ಕಂಪನಿಯ ಮೀಟಿಂಗಿಗೆ ಬರುವಷ್ಟು ಗಾಂಭೀರ್ಯ: ನಿಮ್ಮ ತಮ್ಮ! ಇಬ್ಬರು ಹುಡುಗಿಯರೂ ಅವರ ಒಂದೊಂದು ಕೈಯನ್ನು ತಮ್ಮ ಕೋಟಿನ ಜೇಬಿನೊಳಗೆ ಇಟ್ಟುಕೊಂಡಿದ್ದರು.

ನನ್ನನ್ನು ನೋಡಿ, "ಬಂದೆಯಾ? ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ? ನಡಿ, ಮನೆಗೆ ಹೋಗೋಣ" ಎಂದರು.

ಟೋಪಿಯ ಒಡತಿ ಲುವೋ ಶಿನ್ ಎಂಬ ಹುಡುಗಿ, ನಾನ್ನಿಂಗ್ ಕಡೆಯವಳು, ಇಪ್ಪತ್ತೊಂದು ವರ್ಷ. ಹುಟ್ಟಿದ ಮೇಲೆ ಹಿಮ ನೋಡಿದ್ದು ಅದೇ ಮೊದಲು. ಬರಿದಲೆಯಲ್ಲಿ ನಿಂತು ಹಲ್ಲು ಕಟಕಟ ಎನ್ನಿಸುತ್ತ ಹೇಳಿದಳು: "ಅಜ್ಜಿ, ನಾವು ಆ ಅಡ್ಡರಸ್ತೆ ಬಸ್ ಸ್ಟಾಪಲ್ಲಿ ನಿಂತಿದ್ವಿ. ಈ ತಾತ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿಬಿಟ್ರು. ವಯಸ್ಸಾದವರು ಮೊದಲು, ಮಕ್ಕಳು ಆಮೇಲೆ, ಗಂಡಸ್ರು ಕೊನೆಗೆ ಅಂತ. ಬಸ್ ಬಂದ ಕೂಡಲೇ ಬಾಗಿಲ ಹತ್ರ ನಿಂತು 'ಒಳಗೆ ಸರೀರಿ, ಒಳಗೆ ಸರೀರಿ, ನಡುವೆ ಜಾಗ ಇದೆ' ಅಂತಿದ್ರು. ಈ ಊರಲ್ಲಿ ಸಹಾಯಕ್ಕೆ ಸ್ವಯಂಸೇವಕರು ಇದ್ದಾರಲ್ಲ, ಅವರೇ ಅಂದ್ಕೊಂಡ್ವಿ. ಮೂರು ಬಸ್ ತುಂಬಿಸಿ ಕಳಿಸಿದ್ರು, ಅಜ್ಜಿ! ಒಬ್ಬರೂ ನೂಕಾಡಲಿಲ್ಲ. ನಮ್ಮ ಸರದಿ ಬಂದಾಗ ನಾನು ಕೈ ನೋಡಿದೆ. ಬೆರಳು ಬಿಳಿ ಆಗಿಬಿಟ್ಟಿತ್ತು. ಅಷ್ಟೊತ್ತಿಗೆ ಬ್ರೆಡ್ಡಿನ ಅಂಗಡಿಯವರು ಕೂಗಿದ್ದು ಕೇಳಿಸ್ತು."

ಅವರಿಗೆ ಆ ಬಸ್ಸು ತಪ್ಪಿತು. ಅದು ತಪ್ಪಿದ್ದರಿಂದ ಹಿಮದ ಶಿಲ್ಪಗಳ ತೋಟಕ್ಕೆ ಹೋಗುವುದೂ ತಪ್ಪಿತು. ಮಾರನೆಯ ಬೆಳಿಗ್ಗೆ ಅವರ ವಿಮಾನವಿತ್ತು. ಅದನ್ನು ಅವಳು ಹೇಳಲಿಲ್ಲ, ಜೊತೆಯವಳು ಬಾಯಿ ತಪ್ಪಿ ಅಂದಳು. "ಸುಮ್ನಿರೇ" ಎಂದು ಇವಳು ಅವಳ ಕಾಲು ತುಳಿದಳು.

ಬಿಯೆನ್ ಕುಂಟುತ್ತ ಬಂದವಳು ನಿಮ್ಮ ತಮ್ಮನ ಎದೆಗೆ ಒಂದು ಗುದ್ದು ಕೊಟ್ಟು, "ಏನ್ ಡ್ರೈವರ್ರೀ ನೀವು! ಪ್ಯಾಸೆಂಜರ್ ಬಿಟ್ಟು ಬಸ್ ಎಲ್ಲಿಗೆ ಹೊಡ್ಕೊಂಡು ಹೋಗಿದ್ರಿ?" ಎಂದು ಬೈಯುತ್ತ ಗಳಗಳ ಅತ್ತಳು. ಇವರು ಅವಳ ಭುಜ ತಟ್ಟಿ, "ಟೈಮಿಗೆ ಸರಿಯಾಗಿ ಬಂದಿದ್ದೀನಲ್ಲ" ಎಂದು ಸಮಾಧಾನ ಮಾಡಿದರು. ಅಳುತ್ತಿದ್ದವರೂ ನಕ್ಕರು. ಬಾಲ್ಕನಿಯವನು ಅಕಾರ್ಡಿಯನ್ ಬಿಡಿಸಿಕೊಂಡ. ಪಕ್ಕದಲ್ಲಿ ನಿಂತಿದ್ದ ಆ ತಾಯಿ ಮಗಳು ಯಾವ ಮಾಯದಲ್ಲೋ ಹೊರಟುಹೋಗಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳು ನೋಡಿ, ಇನ್ನರ್ಧ ಗಂಟೆ ಕಳೆದಿದ್ದರೆ ತೆಗೆಯಬೇಕಾಗುತ್ತಿತ್ತು ಎಂದರು. ವೆನ್‌ಜಿಂಗ್ ಕೆಲಸದ ಬೂಟಿನಲ್ಲೇ ಓಡಿಬಂದಳು. ನನ್ನನ್ನು ಕಾರಿಡಾರಿಗೆ ಕರೆದು, "ಆ ಕೋಟು ಯಾಕೆ ಹಾಕಿಸಿದೆ ಅಮ್ಮ? ನಾನು ಹೊಲಿದಿದ್ದು ಯಾತಕ್ಕೆ?" ಎಂದಳು. ಬೆಳಿಗ್ಗೆ ಎದ್ದು ನೋಡಿದರೆ ನೀಲಿ ಕೋಟಿಗೂ ಬಟ್ಟೆ ಚೂರು ಹೊಲಿದಿಟ್ಟಿದ್ದಳು. ಈ ಸಲ ಹೊರಗಡೆಗೇ, ಎದೆಯ ಮೇಲೆ, ಬ್ಯಾಡ್ಜಿನ ಹಾಗೆ. ನಿಮ್ಮ ತಮ್ಮನಿಗೆ ಅದು ಬಹಳ ಇಷ್ಟವಾಗಿದೆ.

ಎಂಟು ದಿನ ಬಿಟ್ಟು ಮೂವರೂ ಮತ್ತೆ ಹೋದೆವು. ಹುದುಗು ಬಂದ ಎಲೆಕೋಸು, ಹಂದಿಮಾಂಸ ತುಂಬಿದ ಕಡುಬನ್ನು ಮೂರು ದೊಡ್ಡ ಡಬ್ಬಿ ಮಾಡಿಕೊಂಡಿದ್ದೆ. ಸಾಸೇಜಿನವನಿಗೆ, ಹಣ್ಣಿನ ಕಡ್ಡಿಯವಳಿಗೆ, ಟೋಪಿಯವನಿಗೆ, ಬ್ರೆಡ್ಡಿನವರಿಗೆ, ಠಾಣೆಯ ಆ ಹುಡುಗನಿಗೆ. ಬಾಲ್ಕನಿಯವನು ಮೇಲಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟ! ಅವನಿಗೆ ಅದು ರೂಢಿ ಇರಬೇಕು. ಬಿಯೆನ್ ಮಾತ್ರ ಡಬ್ಬಿ ಮುಟ್ಟಲಿಲ್ಲ. "ನನ್ನ ಗಾಡಿಗೆ ತಿನ್ನೋಕೆ ಬರ್ತಾರೆ, ತಿನ್ನಿಸೋಕೆ ಯಾರೂ ಬರಲ್ಲ. ಇದೆಲ್ಲ ಅಪಶಕುನ" ಎಂದು ಮುಖ ತಿರುಗಿಸಿದಳು. ವೆನ್‌ಜಿಂಗ್ ಒಂದು ಕಡುಬನ್ನು ವಿನೆಗರಿನಲ್ಲಿ ಅದ್ದಿ ಅವಳ ಬಾಯಿಗೇ ತುರುಕಿದಳು. ಅಗಿಯುತ್ತಾ ಅಗಿಯುತ್ತಾ, "ಉಪ್ಪು ಕಮ್ಮಿ" ಎಂದಳು. ಹನ್ನೆರಡು ತಿಂದಳು. ಆಮೇಲೆ ವೆನ್‌ಜಿಂಗ್‌ಗೆ ಹೇಳಿದಳು: "ನಿಮ್ಮಮ್ಮನ್ನ ಚೆನ್ನಾಗಿ ನೋಡ್ಕೋ ಮಗಳೇ. ಈ ಬೀದಿಯಲ್ಲಿ ಎಷ್ಟೋ ಗಂಡ ಹೆಂಡ್ತಿ ನೋಡಿದೀನಿ. ಐಸ್ ಕಡ್ಡಿ ಯಾವುದು ಅನ್ನೋದಕ್ಕೇ ಜಗಳ ಆಡ್ತಾರೆ. ಇಂಥ ಹೆಂಗಸು ಸಿಗಲ್ಲ."

ಲುವೋ ಶಿನ್ ಊರಿಗೆ ಹೋಗಿ ಒಂದು ಪೆಟ್ಟಿಗೆ ಸಣ್ಣ ಕಿತ್ತಳೆ ಕಳಿಸಿದ್ದಾಳೆ. ಸಕ್ಕರೆಯ ಹಾಗಿವೆ. ಅರ್ಧ ನಿಮಗೆ ಕಳಿಸುತ್ತಿದ್ದೇನೆ, ಹೆಪ್ಪುಗಟ್ಟದಿರಲೆಂದು ಹಳೆಯ ಸ್ವೆಟರಿನಲ್ಲಿ ಸುತ್ತಿದ್ದೇನೆ. ಸ್ವೆಟರು ವಾಪಸ್ಸು ಬೇಡ. ಮೊಲದ ಟೋಪಿಯನ್ನು ನಿಮ್ಮ ತಮ್ಮ ಕೊಡಲ್ಲ ಎಂದು ಹಟ ಹಿಡಿದಿದ್ದರಿಂದ, ಅದರ ಬದಲು ಅವಳಿಗೆ ಉಣ್ಣೆಯ ಟೋಪಿ ಹೆಣೆಯುತ್ತಿದ್ದೇನೆ. ನಾನ್ನಿಂಗಿನಲ್ಲಿ ಉಣ್ಣೆ ಟೋಪಿ ಯಾರು ಹಾಕುತ್ತಾರೆ ಎಂದು ವೆನ್‌ಜಿಂಗ್ ನಗುತ್ತಾಳೆ. ಹಾಕದಿದ್ದರೂ ಇಟ್ಟುಕೊಳ್ಳುತ್ತಾಳೆ.

ದೊಡ್ಡಕ್ಕ, ನಿಮಗೂ ನಾನು ಒಂದು ಮಾತು ಹೇಳಬೇಕು, ಇಷ್ಟು ವರ್ಷ ಹೇಳಿಲ್ಲ. ಹದಿನೇಳನೇ ವಯಸ್ಸಿಗೆ ಶಾಲೆ ಬಿಟ್ಟು ಮಿಲ್ಲಿಗೆ ಸೇರಿ, ತಾಯಿಯಿಲ್ಲದ ಒಂಬತ್ತು ವರ್ಷದ ಹುಡುಗನನ್ನು ನೀವು ಸಾಕಿದಿರಿ. ನಮ್ಮ ಮದುವೆಗೆ ರಾತ್ರಿಯಿಡೀ ರೈಲಿನಲ್ಲಿ ನಿಂತುಕೊಂಡು ಬಂದು ಎರಡು ಹೊಸ ರಜಾಯಿ ಕೊಟ್ಟಿರಿ. ಅದರೊಳಗಿನ ಹತ್ತಿ ನಿಮ್ಮ ರಜಾಯಿಯಿಂದಲೇ ಬಿಚ್ಚಿ ತೆಗೆದದ್ದೆಂದು ಮೂರು ವರ್ಷದ ಮೇಲೆ ನನಗೆ ಗೊತ್ತಾಯಿತು. ಆ ಮೂರು ಚಳಿಗಾಲ ಯೀಚುನ್ ಕಾಡಿನಲ್ಲಿ ನೀವು ಏನು ಹೊದ್ದಿರಿ? ಸಾಲಾಗಿ ನಿಲ್ಲಿಸುವುದು, ವಯಸ್ಸಾದವರು ಮೊದಲು ಎನ್ನುವುದು, ಎಲ್ಲ ನೆನಪು ಅಳಿದರೂ ಅವರಲ್ಲಿ ಉಳಿದಿರುವುದು ಇದೇ. ಇದನ್ನು ಬಸ್ ಕಂಪನಿ ಕಲಿಸಿದ್ದಲ್ಲ. ನೀವು ಸಾಕಿದ ರೀತಿ ಅದು.

ಹಬ್ಬಕ್ಕೆ ಎಂಟೇ ದಿನ ಉಳಿದಿದೆ. ಬರುವ ಡ್ರ್ಯಾಗನ್ ವರ್ಷ ನಿಮಗೆ ಒಳ್ಳೆಯ ನಿದ್ದೆ, ಗಟ್ಟಿ ಮೊಣಕಾಲು, ಬೆಚ್ಚಗಿನ ಒಲೆ ಕೊಡಲಿ. ಮೊಮ್ಮಗ ಪರೀಕ್ಷೆಯಲ್ಲಿ ನಿಮ್ಮ ಹೆಸರು ಉಳಿಸಲಿ. ಸೊಸೆಗೆ ನನ್ನ ಆಶೀರ್ವಾದ ತಿಳಿಸಿ, ಕೂಗಿ ಕೂಗಿ ಅವಳ ಗಂಟಲು ಕೆಡದಿರಲಿ. ನಿಮ್ಮ ಹರಕೆ ನಮ್ಮ ಮೂವರ ಮೇಲೂ ಇರಲಿ.

ನಿಮ್ಮ ತಮ್ಮನ ಹೆಂಡತಿ,
ಯಾಚಿನ್

ತಾ. ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಇವತ್ತು ಒಲೆ ದೇವರು ಮೇಲಿನ ಲೋಕಕ್ಕೆ ವರದಿ ಒಪ್ಪಿಸಲು ಹೋಗುವ ದಿನ. ನಮ್ಮ ಮನೆಯ ಚಾಡಿ ಹೇಳದಿರಲಿ ಎಂದು ಎಲ್ಲರಂತೆ ನಾನೂ ಅವನ ಬಾಯಿಗೆ ಅಂಟುಮಿಠಾಯಿ ಮೆತ್ತಿದೆ. ಮೆತ್ತಿದ ಮೇಲೆ ನನ್ನ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ಜನ ನುಗ್ಗಿತು, ಕೈ ತಪ್ಪಿಹೋಯಿತು ಎಂದು ಬರೆದೆನಲ್ಲ. ಜನ ನುಗ್ಗಿದ್ದು ನಿಜ. ಕೈ ತಪ್ಪಲಿಲ್ಲ ದೊಡ್ಡಕ್ಕ. ನಾನೇ ಬಿಟ್ಟೆ.

ಅವರ ಮುಖ ಅಷ್ಟು ತಿಳಿಯಾಗಿದ್ದನ್ನು ನೋಡಿ ನನಗೆ ಆಸೆ ಹುಟ್ಟಿತು. "ರೀ, ನಾನು ಯಾರು ಹೇಳಿ ನೋಡೋಣ" ಎಂದೆ. ನಕ್ಕರು. "ತಮಾಷೆ ಮಾಡ್ತೀಯಾ? ನೀನು ನಮ್ಮಕ್ಕ ಅಲ್ವಾ" ಎಂದರು. "ಹಾಗಾದ್ರೆ ನಿಮ್ಮ ಹೆಂಡತಿ ಎಲ್ಲಿ?" ಎಂದೆ. "ನನಗೆಲ್ಲಿ ಮದುವೆ ಆಗಿದೆ? ನೀನೇ ಹುಡುಕ್ಬೇಕು ತಾನೆ?" ಎಂದರು. ಅಷ್ಟು ಪ್ರೀತಿಯಿಂದ ಎಂದರು.

ಒಂದು ವರ್ಷದಿಂದ ಅವರು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಾರೆ. ನಿಮಗೆ ಬರೆದಿಲ್ಲ, ವೆನ್‌ಜಿಂಗ್ ಎದುರಿಗೂ ಆ ಮಾತು ಎತ್ತಿಲ್ಲ. ಆ ಕ್ಷಣ ನಿಮ್ಮ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಹೇಗೆ ಬರೆಯಲಿ? ನೀವು ಉಳಿದಿರಿ. ನಲವತ್ತೆರಡು ವರ್ಷ ಜೊತೆಗೆ ಬಾಳಿದ ನಾನು ಅಳಿಸಿಹೋದೆ. ನನ್ನ ಬೆರಳು ತಾನಾಗಿ ಸಡಿಲವಾಯಿತು ಎಂದರೆ ಅದೂ ಸುಳ್ಳು. ಬಿಡಿಸಿಕೊಂಡೆ. ಅವರು ಜನರ ನಡುವೆ ನಡೆದು ಹೋದರು. ನೀಲಿ ಬೆನ್ನು ಕಾಣುತ್ತಲೇ ಇತ್ತು. ಕೂಗಿದ್ದರೆ ಕೇಳುವಷ್ಟು ಹತ್ತಿರವೇ ಇತ್ತು. ಕೂಗಲಿಲ್ಲ. ಎರಡು ನಿಮಿಷವೋ ಮೂರೋ, ಯಾರ ಕೈಯನ್ನೂ ಹಿಡಿಯದೆ ನಾನೊಬ್ಬಳೇ ನಿಂತು ಸಂಗೀತ ಕೇಳಿದೆ. ಮೈ ಹಗುರವಾಗಿತ್ತು. ನನ್ನನ್ನು ಸುಡುತ್ತಿರುವುದು ಅದೇ. ಎಚ್ಚರಾಗಿ ಓಡುವಷ್ಟರಲ್ಲಿ ಆ ಬೆನ್ನು ಇರಲಿಲ್ಲ. ಇಡೀ ಬೀದಿ ವ್ಯಾಪಾರ ಬಿಟ್ಟು ಹುಡುಕಿದ್ದು ನಾನೇ ಬಿಟ್ಟ ಮನುಷ್ಯನನ್ನು. ಬಿಯೆನ್ ನನ್ನನ್ನು ಹೊಗಳಿದಾಗ ಕಲ್ಲುಹಾಸು ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

ಸಿಕ್ಕಾಗ ಅವರು ಆಡಿದ ಮಾತಿನಲ್ಲೂ ಒಂದು ಶಬ್ದ ಬಿಟ್ಟು ಬರೆದಿದ್ದೇನೆ. "ಅಕ್ಕಾ, ಬಂದೆಯಾ?" ಎಂದಿದ್ದರು.

ಇಷ್ಟು ದಿನ ಹಾಗೆ ಕರೆದಾಗಲೆಲ್ಲ "ನಾನು ಅಕ್ಕ ಅಲ್ಲ, ಯಾಚಿನ್" ಎಂದು ತಿದ್ದುತ್ತಿದ್ದೆ. ತಿದ್ದಿದರೆ ಅವರು ಹೆದರಿ ಮೂಲೆ ಸೇರುತ್ತಿದ್ದರು. ಅವತ್ತಿನಿಂದ ತಿದ್ದುವುದಿಲ್ಲ. ಅಕ್ಕಾ ಎಂದರೆ ಓ ಎನ್ನುತ್ತೇನೆ. ಓ ಎಂದರೆ ಅನ್ನ ಉಣ್ಣುತ್ತಾರೆ, ಮಲಗುತ್ತಾರೆ.

ಮಂಜು ಕರಗಿದ ಮೇಲೆ ನೀವು ಒಮ್ಮೆ ಬನ್ನಿ. ವೆನ್‌ಜಿಂಗ್ ಬಂದು ಕರೆತರುತ್ತಾಳೆ. ಅಕ್ಕನೇ ಎದುರಿಗೆ ಬಂದು ಕೂತರೆ, ಪಕ್ಕದಲ್ಲಿರುವ ಈ ಹೆಂಗಸು ಯಾರು ಎಂದು ಅವರು ನಿಮ್ಮನ್ನು ಕೇಳಬಹುದು. ಕೇಳಿದರೆ, ದೊಡ್ಡಕ್ಕ, ನೀವೇ ಹೇಳಿ.